ಪೇಟೆ ಬ್ಯಾಂಕಿನ ಸೋಮವಾರ

ಮಾರ್ತಾಂಡ ಕೇಳಿದ್ದು ಒಂದು ತಾಸು ಮಾತ್ರ. ವಾಸುದೇವರಾಯರು ಅದನ್ನೂ ಕೊಡಲಿಲ್ಲ.

1979ರ ಸೆಪ್ಟೆಂಬರ್, ಶನಿವಾರ ಸಂಜೆ. ಗದಗಿನ ಹಳೆಯ ಓಣಿಯಲ್ಲಿ ರಾಯರ ಮನೆಯ ಪಡಸಾಲೆ. ರಾಯರು ನಿವೃತ್ತ ವಕೀಲರು. ಊರವರು ಪೇಟೆ ಬ್ಯಾಂಕ್ ಎಂದು ಕರೆಯುವ ಸಣ್ಣ ಸಹಕಾರಿ ಬ್ಯಾಂಕಿನ ಅಧ್ಯಕ್ಷರು. ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ಪಕ್ಕದ ಮನೆಯ ಮಾರ್ತಾಂಡ ದಿನವೂ ಬಂದು ಪತ್ರಿಕೆ ಓದಿ ಹೇಳುತ್ತಿದ್ದ. ಅವನು ಹೈಸ್ಕೂಲೊಂದರ ಹೆಡ್ ಕ್ಲಾರ್ಕ್. ಅಂದು ರಾಯರು ಪತ್ರಿಕೆ ಬಿಚ್ಚಗೊಡಲಿಲ್ಲ.

“ಇವತ್ತ ಜಿನ್ನಿಂಗ್ ಫ್ಯಾಕ್ಟರಿ ಗೋದಾಮಿಗೆ ಹೋಗಿದ್ದೆ. ನಮ್ಮಲ್ಲೆ ಒತ್ತಿ ಇಟ್ಟ ಹತ್ತಿ ಬೇಲು ನೋಡ್ಲಿಕ್ಕೆ. ಮುಂದಿನ ಸಾಲು ನೆಟ್ಟಗದ. ಅದರ ಹಿಂದ ಕೈ ಹಾಕಿದೆ, ಬರೇ ಗ್ವಾಡಿ ಹತ್ತಿತು. ಕಣ್ಣಿದ್ದವರೆಲ್ಲಾ ಮುಂದಿನ ಸಾಲು ನೋಡಿ ಸಹಿ ಮಾಡ್ಯಾರ. ನಾ ಕುರುಡ ಆದ ಮ್ಯಾಲೆ ಬ್ಯಾಂಕ್ ಕಾಣ್ಲಿಕ್ಕೆ ಹತ್ತೇದ ನೋಡು.”

ಬ್ಯಾಂಕಿನ ಹೆಚ್ಚಿನ ಹಣವೆಲ್ಲ ಆ ಫ್ಯಾಕ್ಟರಿಗೇ ಸಾಲವಾಗಿ ಹೋಗಿತ್ತು. ಮಾರ್ತಾಂಡ ಕೈಯಲ್ಲಿದ್ದ ಪತ್ರಿಕೆ ಕೆಳಗಿಟ್ಟ.

“ಈಗ ಏನ್ ಮಾಡ್ತೀರಿ ಕಾಕಾ?”

“ಸೋಮವಾರ ಬಾಗಲಾ ತಗಿಯೂಕಿಂತ ಮೊದಲ ಧಾರವಾಡದ ಸಹಕಾರ ಇಲಾಖೆಗೆ ಫೋನ್ ಮಾಡ್ತೀನಿ. ಅವರು ಬಂದು ವ್ಯವಹಾರ ನಿಲ್ಲಸ್ಲಿ. ಉಳದದ್ದು ಎಲ್ಲಾರಿಗೂ ಸಮಾ ಹಂಚಿ ಹೋಗ್ಲಿ.”

“ನಂದೊಂದು ಠೇವು ಅದ, ಕಾಕಾ. ಮುದತ್ತು ಮುಗದದ. ಇವತ್ತ ಹೋದ್ರ ಮ್ಯಾನೇಜರ ಸೋಮವಾರ ಬರ್ರಿ ಅಂದ. ಒಂದು ತಾಸು ತಡದು ಫೋನ್ ಮಾಡ್ರಿ. ಅಷ್ಟ.”

ರಾಯರು ತಲೆಯಾಡಿಸಿದರು. “ನಿನಗ ಒಂದು ತಾಸು ಕೊಟ್ರ ನಮ್ಮಲ್ಲೆ ರೊಕ್ಕಾ ಇಟ್ಟ ಬೆಟಗೇರಿ ನೇಕಾರರಿಗೆ ಏನ್ ಕೊಡ್ಲಿ? ಹುಚ್ಚಪ್ಪಾ, ಅವರಿಗೆ ಪಡಸಾಲಿಗೆ ಬಂದು ಕೇಳೂ ಹಕ್ಕೂ ಇಲ್ಲ.”

ಅಲ್ಲಿಗೆ ಆ ಮಾತು ಮುಗಿಯಿತು. ಮರುದಿನ ರಾಯರ ತಂದೆಯ ತಿಥಿ. ಪಕ್ಷಮಾಸದ ಆ ದಿನ ಪ್ರತಿವರ್ಷ ಕೊರ್ಲಹಳ್ಳಿಗೆ ಹೋಗಿ ತುಂಗಭದ್ರೆಯಲ್ಲಿ ತರ್ಪಣ ಬಿಡುವುದು ಅವರ ರೂಢಿ. ಕೈಹಿಡಿದು ಕರೆದೊಯ್ಯುವವನು ಮಾರ್ತಾಂಡ. “ಮೊದಲ ಬಸ್ಸಿಗೇ ಹೋಗೂಣಲ್ಲ?” ಎಂದು ಅವರು ಕೇಳಿದರು. ಅವನು ಹೂಂ ಅಂದ.

ಆ ಠೇವಣಿ ಅವನದಾಗಿರಲಿಲ್ಲ. ತಂಗಿ ವಿಮಲಾಬಾಯಿಯ ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಾಗ ಬಂದ ಹಣವದು. ಅದನ್ನು ಪೋಸ್ಟಿನಲ್ಲಿ ಇಡು ಎಂದು ಅವಳು ಅಣ್ಣನ ಕೈಗೆ ಕೊಟ್ಟಿದ್ದಳು. ಅವನು ತನ್ನ ಹೆಸರಿನಲ್ಲಿ ಪೇಟೆ ಬ್ಯಾಂಕಿನಲ್ಲಿಟ್ಟ. ಅಲ್ಲಿ ಬಡ್ಡಿ ಹೆಚ್ಚು. ಪೋಸ್ಟಿನ ಬಡ್ಡಿಯಷ್ಟನ್ನು ಅವಳಿಗೆ ಕೊಟ್ಟು ಮಿಕ್ಕಿದ್ದನ್ನು ತಾನಿಟ್ಟುಕೊಳ್ಳುತ್ತಿದ್ದ. ಇದನ್ನು ಅವನು ಕಳವು ಎಂದುಕೊಂಡಿರಲಿಲ್ಲ. ಜಾಣತನಕ್ಕೆ ಸಿಗುವ ಕೂಲಿ ಎಂದುಕೊಂಡಿದ್ದ.

ಏಕೆಂದರೆ ಅವನು ಕಣ್ಣುಮುಚ್ಚಿ ಇಟ್ಟಿರಲಿಲ್ಲ. ಸಣ್ಣ ಬ್ಯಾಂಕಿನ ಅಪಾಯಗಳನ್ನು ಒಂದೊಂದಾಗಿ ತೂಗಿ ನೋಡಿದ್ದ. ಠೇವಣಿಗೆ ವಿಮೆ ಉಂಟೇ ಎಂದು ವಿಚಾರಿಸಿದ್ದ. ಅರ್ಜಿ ಹೋಗಿದೆ ಎಂಬ ಉತ್ತರ ಸಿಕ್ಕಿತ್ತು. ಸಾಲವೆಲ್ಲ ಹತ್ತಿಯ ಮೇಲೆ ಎಂಬುದು ಒಂದು ಅಳುಕು; ಆದರೆ ಗದಗಿನ ಹತ್ತಿ ಪೇಟೆ ಅವನ ಅಜ್ಜನ ಕಾಲದಿಂದ ನಡೆದುಬಂದದ್ದು. ಪಕ್ಕದ ಕಣಗಿನಹಾಳದಲ್ಲಿ ದೇಶದ ಮೊದಮೊದಲ ಸಹಕಾರಿ ಸಂಘ ಹುಟ್ಟಿದ ಸೀಮೆ ಇದು, ಇಲ್ಲಿನವರು ಹಂಚಿಕೊಂಡ ಹಣವನ್ನು ಮುಳುಗಿಸುವವರಲ್ಲ ಎಂಬ ಹೆಮ್ಮೆಯನ್ನೂ ಲೆಕ್ಕಕ್ಕೆ ಹಿಡಿದಿದ್ದ. ಎಲ್ಲಕ್ಕಿಂತ ಮೇಲಾಗಿ, ಅಧ್ಯಕ್ಷರು ವಾಸುದೇವರಾಯರು. ಅವರು ಇರುವ ತನಕ ಒಬ್ಬರ ಹಣವೂ ಹೋಗದು ಎಂದು ನಂಬಿದ್ದ.

ಈಗ ವಿಮಲಾ ಬಾಡಿಗೆಗಿದ್ದ ಮನೆಯನ್ನು ಅದರ ಒಡೆಯ ಫಕೀರಸಾಬ ಮಾರಲು ಹೊರಟಿದ್ದ. ಹೆಚ್ಚಿಗೆ ಕೊಡುವ ಗಿರಾಕಿ ಇದ್ದರೂ, ವಿಧವೆ ಬೀದಿಗೆ ಬೀಳಬಾರದೆಂದು ಅವಳಿಗೇ ಕೊಡುತ್ತೇನೆ ಎಂದಿದ್ದ. ಮಂಗಳವಾರ ನೋಂದಣಿ. ಸೋಮವಾರ ಹಣ ಕೈಗೆ ಬರದಿದ್ದರೆ ಮನೆ ಹೋಗುತ್ತದೆ. ಹಣ ಎಲ್ಲಿತ್ತು ಎಂಬುದು ಬಯಲಾಗುತ್ತದೆ. ಅವನನ್ನು ಬಿಟ್ಟರೆ ಯಾರೂ ಇಲ್ಲದ ತಂಗಿ ಅವನ ಮುಖ ನೋಡುವ ಬಗೆಯೇ ಬದಲಾಗುತ್ತದೆ. ಆ ಮೂರನೆಯದನ್ನು ಅವನಿಂದ ಊಹಿಸಲೂ ಆಗಲಿಲ್ಲ.

ಊಟ ಮಾಡದೆ ಕೂತು ಯೋಚಿಸಿದ. ವಿಷಯ ಗೊತ್ತಿರುವುದು ಯಾರಿಗೆ? ರಾಯರಿಗೆ, ತನಗೆ. ಉಳಿದ ನಿರ್ದೇಶಕರಿಗೂ ಗೊತ್ತಿರಬಹುದು, ಆದರೆ ಅವರು ಬಾಯಿ ಬಿಡುವವರಲ್ಲ. ಫ್ಯಾಕ್ಟರಿ ಮಾಲೀಕನ ಜೊತೆ ಅವರ ವ್ಯವಹಾರವೂ ಇತ್ತು. ರಾಯರಿಲ್ಲದಿದ್ದರೆ ಅವರು ಬ್ಯಾಂಕನ್ನು ಆದಷ್ಟು ದಿನ ತೆರೆದಿಡುತ್ತಾರೆ. ಕೇಳಿದವರಿಗೆ ಕೇಳಿದ ಕೂಡಲೇ ಹಣ ಕೊಟ್ಟು ಗಟ್ಟಿಯಾಗಿದ್ದೇವೆಂದು ತೋರಿಸುತ್ತಾರೆ. ಒಬ್ಬ ಮನುಷ್ಯನ ಪ್ರಾಮಾಣಿಕತೆ ಮಾರ್ತಾಂಡನ ಹಣವನ್ನು ಹಿಡಿದಿತ್ತು. ಉಳಿದವರ ಅಪ್ರಾಮಾಣಿಕತೆ ಅದನ್ನು ಬಿಡಿಸಿಕೊಡುತ್ತಿತ್ತು. ಇದು ಹೊಳೆದಾಗ ಅವನಿಗೆ ಹೆದರಿಕೆಯ ಬದಲು ಒಂದು ಬಗೆಯ ಸಮಾಧಾನ ಬಂತು.

ಉಪಾಯ ಸರಳವಾಗಿತ್ತು, ಅದರ ಬಲವೇ ಅದು. ಆಯುಧವಿಲ್ಲ, ವಿಷವಿಲ್ಲ. ಹೊಳೆ ತುಂಬಿದೆ. ಮೆಟ್ಟಿಲು ಮುಗಿಯುವಲ್ಲಿ ಆಳವಾದ ಮಡು ಇದೆ. ರಾಯರಿಗೆ ಈಜು ಬಾರದು, ಕಣ್ಣು ಕಾಣದು. ತಳ್ಳಬೇಕಿಲ್ಲ, ಮೈಮೇಲೆ ಗುರುತು ಬೀಳುವ ಪ್ರಶ್ನೆಯೇ ಇಲ್ಲ. ಡಾಕ್ಟರು ನೋಡಿದರೆ ನೀರು ಕುಡಿದು ಸತ್ತದ್ದೇ ಕಾಣುತ್ತದೆ, ಅದು ಸುಳ್ಳೂ ಅಲ್ಲ. ಸಾಕ್ಷಿ ಇಲ್ಲದಿರುವುದು ಅಪಾಯ, ಇರುವುದೇ ಮೇಲು: ತಾನು ಕೂಗಿ ನೀರಿಗೆ ಹಾರಿದ್ದನ್ನು ನೋಡುವಷ್ಟು ಹತ್ತಿರ, ಅದಕ್ಕೂ ಮುಂಚಿನದು ತಿಳಿಯದಷ್ಟು ದೂರ ಒಬ್ಬ ಬೇಕು. ಬೆಳಗ್ಗೆ ಹೊಳೆಯಲ್ಲಿ ಎತ್ತು ತೊಳೆಯುವವರು ಇದ್ದೇ ಇರುತ್ತಾರೆ.

ಬೆಳಗಿನ ಜಾವ ರಾಯರ ಹೆಂಡತಿ ಜಾನಕೀಬಾಯಿ ಎಳ್ಳು, ದರ್ಭೆ ಇದ್ದ ಚೀಲವನ್ನು ಅವನ ಕೈಗೆ ಕೊಟ್ಟರು.

“ಕೈ ಬಿಡಬ್ಯಾಡಪಾ ಮಾರ್ತಾಂಡ, ಅವರಿಗೆ ನೀರಾಗ ಏನೂ ತಿಳಿಯೂದಿಲ್ಲ.”

“ಇಲ್ಲ ಕಾಕು,” ಎಂದ.

ಮುಂಡರಗಿ ತನಕ ಬಸ್ಸಿನಲ್ಲಿ ರಾಯರು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದರು. ಅಲ್ಲಿ ಬಸ್ಸು ಬದಲಿಸಿ ಕೊರ್ಲಹಳ್ಳಿ ಮುಟ್ಟುವಾಗ ಬಿಸಿಲು ಏರಿತ್ತು. ಹೊಳೆ ಕೆಂಪಗೆ, ದಡ ತುಂಬಿ ಹರಿಯುತ್ತಿತ್ತು. ಅವನು ಬಯಸಿದಷ್ಟೇ ದೂರದಲ್ಲಿ ಗಾಳೆಪ್ಪ ಎಂಬ ರೈತ ಎತ್ತುಗಳ ಮೈ ತಿಕ್ಕುತ್ತಿದ್ದ.

ರಾಯರು ಮಾರ್ತಾಂಡನ ಭುಜದ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಇಳಿದರು. ಸೊಂಟದ ತನಕ ನೀರು ಬಂದಾಗ ನಿಂತು ತರ್ಪಣ ಬಿಟ್ಟರು. ಕೊನೆಗೆ, “ನಿಮ್ಮಪ್ಪನ ಹೆಸರಿಲೇನೂ ಒಂದು ಬೊಗಸಿ ಬಿಟ್ಟೇನಿ. ಭಾಳ ಛಲೋ ಮನಶ್ಯಾ,” ಎಂದರು. ಅವರು ಮುಳುಗು ಹಾಕಲು ಕಾಲಿನಿಂದ ಮುಂದೆ ತಡಕಿದರು.

“ಇನ್ನೊಂದು ಮೆಟ್ಟಲಾ ಅದ ಏನೋ?”

“ಅದ, ಕಾಕಾ.”

ಅವರು ಹೆಜ್ಜೆಯಿಟ್ಟರು. ಅವನು ಭುಜವನ್ನು ಕೊಂಚ ಹಿಂದಕ್ಕೆಳೆದುಕೊಂಡ.

ಮುಂದಿನದೆಲ್ಲ ಅವನು ಎಣಿಸಿದಂತೆಯೇ ನಡೆಯಿತು. ಅವನು ಕೂಗಿ ಹಾರಿದ. ಸೆಳವು ನಿಜವಾಗಿಯೂ ಅವನನ್ನು ಎಳೆಯಿತು. ಗಾಳೆಪ್ಪ ಬಂದು ಅವನ ಕೂದಲು ಹಿಡಿದು ದಡಕ್ಕೆ ತಂದ. ಕೆಳಗಡೆ ಬಲೆ ಹಾಕಿದ್ದವರಿಗೆ ಹೆಣ ಸಿಕ್ಕಿತು. ಪಂಚನಾಮೆಯ ಹೊತ್ತಿಗೆ ಪೊಲೀಸರೆದುರು ಗಾಳೆಪ್ಪ ಅವನ ಪರವಾಗಿ ಜಗಳಕ್ಕೇ ನಿಂತ.

“ಇವ್ರನ್ನ ಏನ್ ಕೇಳ್ತೀರಿ? ಇವ್ರೂ ಹೋಗಿಬಿಡ್ತಿದ್ರು, ನಾ ಹಿಡದಿದ್ದಕ್ಕ ಉಳದಾರ! ಮದ್ಲ ಅಂಗಿ ಕೊಡ್ರಿ, ನಡುಗಾಕತ್ತಾರ.”

ಡಾಕ್ಟರು ಬರೆಯಬೇಕಾದುದನ್ನೇ ಬರೆದರು. ಸಂಜೆ ಗದಗಿನ ಸ್ಮಶಾನದಲ್ಲಿ ಚಿತೆ ಹೊತ್ತಿತು. ಜಾನಕೀಬಾಯಿ ಅವನ ಕೈ ಹಿಡಿದು, ನಿನ್ನ ತಪ್ಪಿಲ್ಲಪಾ ಎಂದು ಅತ್ತರು. ನಿರ್ದೇಶಕರೆಲ್ಲ ಬಂದಿದ್ದರು. ಅವರ ಮುಖದಲ್ಲಿ ದುಃಖವೂ ಇತ್ತು, ಸ್ವಲ್ಪ ನಿರಾಳವೂ ಇತ್ತು. ಅದನ್ನು ಕಂಡು ತನ್ನ ತರ್ಕ ಸರಿ ಎಂದು ಅವನಿಗೆ ಖಾತ್ರಿಯಾಯಿತು. ಅಂದು ಅವನು ಊಟ ಮಾಡಿದ.

ಸೋಮವಾರ ಬೆಳಗ್ಗೆ ವಿಮಲಾ ತಾನೇ ಬಂದು ಗಂಡನ ಹಳೆಯ ಕೈಚೀಲ ಕೊಟ್ಟಳು. “ಅಣ್ಣಾ, ಜಲ್ದಿ ಹೋಗು, ಪೋಸ್ಟಿನ್ಯಾಗ ಗದ್ದಲಾ ಇರ್ತದ. ನಿನ್ನೆ ಇಷ್ಟೆಲ್ಲಾ ಆದ ಮ್ಯಾಲೂ ನನ್ನ ಕೆಲಸಕ್ಕ ಹೊಂಟಿ ನೋಡು, ನಿನಗ ಎಷ್ಟು ತ್ರಾಸು ಕೊಡ್ತೀನಿ.” ಅವಳು ಆಗಲೇ ಹೊಸ ಮನೆಯ ಬಾಗಿಲಿಗೆ ಯಾವ ಬಣ್ಣ ಎಂದು ಮಾತಾಡತೊಡಗಿದ್ದಳು.

ಬ್ಯಾಂಕಿನ ಓಣಿಗೆ ತಿರುಗುತ್ತಲೇ ಜನ ಕಂಡರು. ಗೌರವ ಸಲ್ಲಿಸಲು ಬಂದವರಿರಬೇಕು ಎಂದುಕೊಂಡ. ಹತ್ತಿರ ಹೋದಂತೆ ಅವರ ದನಿ ಬೇರೆಯಾಗಿ ಕೇಳಿತು. ಬೆಟಗೇರಿ ನೇಕಾರರು, ಲಕ್ಷ್ಮೇಶ್ವರ, ಶಿರಹಟ್ಟಿ ಬಸ್ಸಿನಿಂದ ಇಳಿದವರು, ಸಂತೆಗೆ ಬಂದವರು ಬಾಗಿಲಿಗೆ ಒತ್ತಿ ನಿಂತಿದ್ದರು. ಬಾಗಿಲಿಗೆ ಬೀಗ. ಕಾಯಿಪಲ್ಲೆ ಮಾರುವ ಸಾವಂತ್ರೆವ್ವ ಅವನನ್ನು ಗುರುತು ಹಿಡಿದಳು.

“ಏ ಇಲ್ಲಿ ನೋಡ್ರಬೇ, ಹೊಳಿಗೆ ಸಂಗಾಟ ಹೋದವ್ರು ಬಂದ್ರು! ಖರೆ ಹೇಳ್ರೀ ಯಪ್ಪಾ. ರೊಕ್ಕಾ ಮುಳುಗ್ಯಾವಂತ, ಮುಖಾ ತೋರಸಾಕ ಆಗದ ರಾಯರು ತಾವ ಹಾರಿಕೊಂಡ್ರಂತ. ಹೌದಲ್ರಿ?”

“ಇಲ್ಲವಾ, ಇಲ್ಲ! ಕಾಲು ಜಾರಿತು. ಬ್ಯಾಂಕ್ ಗಟ್ಟಿ ಅದ. ನಾನೂ ರೊಕ್ಕಾ ತಗೊಳ್ಳಿಕ್ಕೇ ಬಂದೇನಿ.”

“ನೀವೂ ತಗೊಳ್ಳಾಕ ಬಂದ್ರೇನು?” ಹಿಂದಿನಿಂದ ಖಾಸಿಂಸಾಬ ಎಂಬ ನೇಕಾರ ನಕ್ಕ. “ಕೇಳ್ರೆಪೋ, ಖಾಸಾ ಮಂದೀನ ಓಡಿ ಬಂದಾರ! ಕಾಲು ಜಾರಿದ್ರ ಬ್ಯಾಂಕಿಗೆ ಕೀಲಿ ಯಾಕ ಹಾಕ್ಯಾರ?”

ಯಾರೋ ಕಲ್ಲು ಎಸೆದರು. ಗಾಜು ಒಡೆಯಿತು. ಮಾರ್ತಾಂಡ ಜನರನ್ನು ತಳ್ಳಿಕೊಂಡು ಮೆಟ್ಟಿಲು ಹತ್ತಿದ. ಮ್ಯಾನೇಜರ್ ಗವಿಸಿದ್ದಪ್ಪ ಅಂಗಿ ಹರಿದುಕೊಂಡು ಬೀಗಕ್ಕೆ ಬೆನ್ನು ಕೊಟ್ಟು ನಿಂತಿದ್ದ. “ಬಾಗಲಾ ತಗೀರಿ,” ಎಂದು ಮಾರ್ತಾಂಡ ಅವನ ತೋಳು ಹಿಡಿದು ಜಗ್ಗಿದ. “ಎಲ್ಲಿ ತಗೀಲಿ ರೀ,” ಎಂದು ಗವಿಸಿದ್ದಪ್ಪ ಅಳುವ ದನಿಯಲ್ಲಿ ಹೇಳಿದ. “ಮಂದಿ ಹೊಡದ ಹಾಕ್ತಾರಂತ ಹೆದರಿ ಉಪಾಧ್ಯಕ್ಷರು ಇಲಾಖೆಗೆ, ಪೊಲೀಸರಿಗೆ ಫೋನ್ ಮಾಡ್ಯಾರ. ಬಂದು ಸೀಲ್ ಹಾಕ್ತಾರಂತ.” ಅವನ ಭುಜದ ಹಿಂದೆ, ಬಾಗಿಲಿನ ಮೇಲೆ, ಯಾರೂ ಓದುವ ಗೋಜಿಗೆ ಹೋಗದ ಒಂದು ಹಾಳೆ ಅಂಟಿಸಿತ್ತು. ಮಸಿ ಇನ್ನೂ ಹೊಸದಾಗಿತ್ತು. ಊರಿನ ಯಾವ ಅಂಗಡಿ, ಯಾವ ಶಾಲೆ, ಯಾವ ಬ್ಯಾಂಕೇ ಆಗಲಿ, ತನ್ನ ಹಿರಿಯ ಸತ್ತ ಮರುದಿನ ಅಂಟಿಸುವಂಥದೇ ಹಾಳೆ: “ನಮ್ಮ ಪ್ರಿಯ ಅಧ್ಯಕ್ಷರ ನಿಧನದ ಪ್ರಯುಕ್ತ ಇಂದು ಬ್ಯಾಂಕಿಗೆ ರಜೆ.”