ಕೈಯಿಂದ ಕೈಗೆ

"ಕೈಗೆ ಕೊಡಾಕಿಲ್ಲ ಕಣವ್ವ. ಮೊರದಲ್ಲಿ ಮಡಗ್ತೀನಿ, ನೀನೇ ಎತ್ಕೊ," ಎಂದಳು ದೇವಿರಮ್ಮ.

ವೀಣಳಿಗೆ ನಗು ಬಂತು. ಮೆಣಸಿನಕಾಯಿ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅವಳ ಅವ್ವನೂ ಹೀಗೇ ಕೆಳಗಿಡುತ್ತಿದ್ದಳು. ಆದರೆ ಇವು ಬರೀ ಕಾಗದ. ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಮೊದಲು ಸಿಡುಬಿಗೆ ದಾಕು, ಎಂದರೆ ಲಸಿಕೆ, ಹಾಕಿದ ಡಾಕ್ಟರ್ ಜಯಲಕ್ಷ್ಮಮ್ಮ ತಮ್ಮ ಅಕ್ಕನಿಗೆ ಬರೆದವು. ಆ ಅಕ್ಕನ ಮೊಮ್ಮಗಳೇ ಈ ದೇವಿರಮ್ಮ.

ಇವಕ್ಕಾಗಿ ವೀಣ ಎರಡು ವರ್ಷ ಅಲೆದಿದ್ದಳು. ಕಚೇರಿಯವರು ಫೈಲಿಲ್ಲ ಎಂದರು, ಲೈಬ್ರರಿಯಲ್ಲಿ ಗೆದ್ದಲು ತಿಂದಿತ್ತು. ಅಷ್ಟಾದರೂ ಬರೆದುಕೊಂಡು ಹೋದರೆ ಗೈಡು ಶಶಿಧರ್ "ಮೂಲ ಪತ್ರ ಎಲ್ಲಮ್ಮ? ನನ್ನ ಕೈಗೆ ತಂದುಕೊಡು" ಎಂದು ಪ್ರತಿ ಅಧ್ಯಾಯವನ್ನೂ ತೆರೆಯದೆ ವಾಪಸು ಕೊಡುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ! ಈ ತಿಂಗಳು ದಾಟಿದರೆ ಅವಳ ಪಿಎಚ್‌ಡಿ ನೋಂದಣಿಯೇ ರದ್ದು.

"ಉಚ್ಚೀರಯ್ಯ ಅಂತ ಒಬ್ಬ ಮಂತ್ರವಾದಿ," ಮುದುಕಿಯ ದನಿ ತಗ್ಗಿತು. "ಈ ಡಾಕ್ಟ್ರಮ್ಮ ಸೂಜಿ ಚುಚ್ಚಿದ್ಮ್ಯಾಕೆ ಅವನ ತಾವ ಯಾರೂ ಓಗ್ನಿಲ್ಲ. ಆ ಸಿಟ್ಟಿಗೆ ಇವರ ಕೈಗುಣಕ್ಕೇ ಮಾಟ ಮಾಡ್ಬುಟ್ಟ. ಆಮ್ಯಾಕೆ ಇವರು ಮುಟ್ಟಿದ ಮಕ್ಕಳಿಗೆಲ್ಲ ಅಮ್ಮ ಎದ್ಲು, ಮೈತುಂಬ ಸಿಡುಬು. ಬರೆದ ಕಾಗದಕ್ಕೂ ಅದು ಅಂಟ್ಕೊಂಡೈತೆ. ನೆಲದಿಂದ ಎತ್ಕೊಂಡ್ರೆ ಏನೂ ಮಾಡಾಕಿಲ್ಲ. ಕೈಯಿಂದ ಇಸ್ಕೊಂಡ್ರೆ, ಇಸ್ಕೊಂಡೋರ ಮ್ಯಾಲೆ ಬತ್ತದೆ. ಒಗ್ಗರಣೆ ವಾಸ್ನೆ ಬಿದ್ರೆ ಎದ್ದು ಕುಂತ್ಕತ್ತದೆ."

"ಅಜ್ಜಿ, ನಂಗೆ ಬಸ್ಸಿಗೆ ಹೊತ್ತಾಯ್ತು!"

ಕಟ್ಟು ಮೊರ ಮುಟ್ಟುವ ಮೊದಲೇ ವೀಣ ಅದನ್ನು ಮುದುಕಿಯ ಕೈಯಿಂದ ಕಿತ್ತುಕೊಂಡಳು. ದೇವಿರಮ್ಮನ ಖಾಲಿ ಕೈ ಹಾಗೇ ನಿಂತಿತು.

"ಕೆಟ್ಟೆ ಕಣವ್ವ. ಇನ್ನು ಬೇಕು ಅಂತ ಬಾಯ್ಬಿಟ್ಟು ಕೇಳ್ದೋರ ಕೈಗೆ ದಾಟೋಗಂಟ ನಿನ್ನ ಬುಡಾಕಿಲ್ಲ."

ಗುತ್ತಲು ಬಡಾವಣೆಯ ತನ್ನ ಬಾಡಿಗೆ ಕೋಣೆಯಲ್ಲಿ ವೀಣ ಸಂಜೆಯವರೆಗೂ ಓದಿದಳು. ಓದಿದಷ್ಟೂ ಮೈ ಉರಿಯಿತು. ರೋಗಿಗಳ ಹೆಸರಿಲ್ಲ, ತಾರೀಕಿಲ್ಲ. ಎಲ್ಲದರಲ್ಲೂ ಒಂದೇ ಗೋಳು: 'ಅಕ್ಕಾ, ಕೆಳಗಿಟ್ಟು ಓದು. ನಿನ್ನ ಮಕ್ಕಳ ಕೈಗೆ ಕೊಡಬೇಡ.' ಇದಕ್ಕಾ ಎರಡು ವರ್ಷ ಮಣ್ಣು ಹೊತ್ತಿದ್ದು? ಕಟ್ಟನ್ನು ಮಂಚದ ಮೇಲೆಸೆದು, ಹಸಿವು ತಡೆಯದೆ ಬಸ್ಸಾರಿಗೆ ಒಗ್ಗರಣೆ ಇಟ್ಟಳು.

ಎಣ್ಣೆ ಕಾಯಿತು. ಸಾಸಿವೆ ಸಿಡಿಯಿತು. ಕರೆಂಟು ಹೋಯಿತು.

ಬೆಳ್ಳುಳ್ಳಿಯ ಘಮ ಒಂದು ಗಳಿಗೆ ಮಾತ್ರ. ಆಮೇಲೆ ಹಸಿ ಬೇವಿನ ಸೊಪ್ಪಿನ ಕಹಿ ವಾಸನೆ. ಅದರ ಹಿಂದೆ ಹುಳಿತ ಮೊಸರನ್ನ, ಕೀವು. ಮಂಚದ ಕಡೆ ಬಳೆ ಸದ್ದಾಯಿತು. ಹೆಜ್ಜೆ. ಇನ್ನೊಂದು ಹೆಜ್ಜೆ. ಕತ್ತಿನ ಹಿಂದೆ ಬಿಸಿಯುಸಿರು. ತಿರುಗಲಾಗಲಿಲ್ಲ. ಯಾರೋ ಅವಳ ಮಣಿಕಟ್ಟು ಹಿಡಿದರು. ಡಾಕ್ಟರು ನಾಡಿ ನೋಡುವ ಹಾಗೆ, ಮೆತ್ತಗೆ. ಬೆರಳುಗಳು ಕೆಂಡದಂತೆ ಸುಡುತ್ತಿದ್ದವು. ಕತ್ತಲಲ್ಲಿ ಹೆಂಗಸೊಬ್ಬಳು ಬಿಕ್ಕಿದಳು. ಒಲೆಯ ನೀಲಿ ಬೆಳಕಿನಲ್ಲಿ ವೀಣ ಅಂಗೈ ನೋಡಿಕೊಂಡಳು. ಗುಳ್ಳೆ. ಅಂಗೈ ತುಂಬ ಗುಳ್ಳೆ. ಮೊಣಕೈವರೆಗೂ ಏಳುತ್ತಿದ್ದವು.

ಚೀರಿ ಬೀದಿಗೆ ಓಡಿದಳು.

ಬೆಳಗಾಗುವಷ್ಟರಲ್ಲಿ ಗುಳ್ಳೆ ಭುಜಕ್ಕೇರಿತ್ತು. ಬೇಕು ಎಂದು ಕೇಳಿದವರು ಯಾರು? ಎರಡು ವರ್ಷದಿಂದ ಕೇಳುತ್ತಲೇ ಇದ್ದವರು ಒಬ್ಬರೇ. ಕಟ್ಟನ್ನು ಚೀಲಕ್ಕೆ ತುರುಕಿ, ಶಶಿಧರ್ ಮನೆಯಿದ್ದ ಮದ್ದೂರಿನ ಬಸ್ಸು ಹತ್ತಿದಾಗ ಅವಳಿಗೆ ಭಯವಿತ್ತು, ಸಂಕಟವಿತ್ತು. ಸುಳ್ಳು ಹೇಳುವುದೇಕೆ, ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು.

ಆದರೂ ಶಶಿಧರ್ ಬಾಗಿಲು ತೆರೆದಾಗ ಮನಸ್ಸು ತಡೆಯಲಿಲ್ಲ. "ಸರ್, ಕೆಳಗಿಡ್ತೀನಿ. ಅಲ್ಲಿಂದ ತಗೊಳ್ಳಿ. ಇದಕ್ಕೆ ಮಾಟ..."

"ಏನಮ್ಮ, ಪಿಎಚ್‌ಡಿ ಮಾಡ್ತಿದ್ದೀಯೋ, ಶಾಸ್ತ್ರ ಹೇಳ್ತಿದ್ದೀಯೋ?" ಅವರು ನಕ್ಕು ಕೈ ಚಾಚಿದರು. "ಕೊಡು ಇಲ್ಲಿ."

ಕೊಟ್ಟಳು.

ಉರಿ ನಿಂತಿತು. ದಾವಣಿ ಜಾರಿದಷ್ಟು ಸಲೀಸಾಗಿ ಭುಜದಿಂದ ಬಿಸಿ ಇಳಿಯಿತು. ತೋಳಿನ ಗುಳ್ಳೆಗಳು ಕಣ್ಣೆದುರೇ ಬಾಡಿದವು. ಬದುಕಿದೆ ಎನಿಸಿ ಅಳು ಬಂತು, ನಾಚಿಕೆಯೂ ಆಯಿತು. ಗೇಟಿನವರೆಗೆ ಹೋಗಿದ್ದಳು.

"ವೀಣ, ನಿಲ್ಲಮ್ಮ!" ಶಶಿಧರ್ ಹಿಂದೆಯೇ ಬಂದರು. ಕಟ್ಟಿನ ದಾರ ಕೂಡ ಬಿಚ್ಚಿರಲಿಲ್ಲ. "ಈ ಹಳೇ ಕೈಬರಹ ಯಾರು ಓದ್ತಾರೆ? ಟೈಪ್ ಮಾಡಿಸ್ಕೊಂಡು ಬಾ."

ಅವರು ಕಟ್ಟು ಚಾಚಿದರು. ಎರಡು ವರ್ಷದಿಂದ ಅವರು ಏನು ವಾಪಸು ಕೊಟ್ಟರೂ ತಲೆ ತಗ್ಗಿಸಿ ಎರಡೂ ಕೈಯಲ್ಲಿ ಇಸಿದುಕೊಂಡು ರೂಢಿ. ಕೈ ತಾನಾಗಿ ಮುಂದೆ ಹೋಯಿತು.

ಮಣಿಕಟ್ಟಿನ ಮೇಲೆ ಬಿಸಿ ಬೆರಳು ಕೂತ ಮೇಲೆಯೇ ಅವಳಿಗೆ ಗೊತ್ತಾದದ್ದು, ಮತ್ತೆ ಕೈಯಿಂದಲೇ ಇಸಿದುಕೊಂಡೆನೆಂದು.

"ಸರ್! ಬೇಕು ಅನ್ನಿ ಸರ್! ಒಂದೇ ಒಂದು ಸಲ ಕೇಳಿ!"

ಬಾಗಿಲು ಹಾಕಿಕೊಂಡಿತು. ಒಳಗೆ ಅವರ ಅಡುಗೆಮನೆಯಲ್ಲಿ ಸಾಸಿವೆ ಸಿಡಿಯಿತು; ಒಗ್ಗರಣೆಯ ವಾಸನೆ ಗೇಟಿನವರೆಗೂ ಬಂತು.