ನಾಲ್ಕನೇ ವರ್ಷನ್ ಕೇಳಿದ ಕಂಪ್ಯೂಟರ್

"ನಾ ಕದ್ದಿಲ್ರೀ ಅಂಕಲ್. ಆದ್ರ ಕೀ ನಂದ ಐತಿ," ಎಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಪ್ರತಿಭಾ ಬುಧವಾರ ಸಂಜೆ ಬಂದು ಅತ್ತಳು. ಹಲಸೂರಿನ ನಮ್ಮ ಮನೆಗೆ ಇಂಥ ಗೋಳು ಹೊಸದಲ್ಲ. ನಮ್ಮ ಯಜಮಾನರು ಶ್ರೀಕಂಠಯ್ಯನವರು ಕಾರ್ಖಾನೆಯ ಟೂಲ್ ಸ್ಟೋರಿನಿಂದ ನಿವೃತ್ತರಾದ ಮೇಲೆ ಬೀದಿಯ ಒಗಟುಗಳೆಲ್ಲ ನನ್ನ ಕಾಫಿ ಕುಡಿದೇ ಬಿಡಿಸಿಕೊಳ್ಳುತ್ತಿದ್ದವು.

ಇಂದಿರಾನಗರದ ಅವಳ ಕಂಪನಿ, ಮೊಬೈಲ್ ಆ್ಯಪ್‌ಗಳಿಗೆ ಮತ್ತೆ ಮತ್ತೆ ಬೇಕಾಗುವ ಕೋಡಿನ ಲೈಬ್ರರಿಯನ್ನು ತನ್ನದೇ ಸರ್ವರಿನಲ್ಲಿ ಇಟ್ಟಿತ್ತು. ಅದನ್ನು ತೆರೆಯುವ, ಪಾಸ್‌ವರ್ಡಿನಂಥ ಕೀ ಮೂವರಿಗೆ ಮಾತ್ರ, ಒಬ್ಬೊಬ್ಬರಿಗೆ ಒಂದೊಂದು: ಪ್ರತಿಭಾ, ಜೊತೆಯ ನಯಾಜ್, ಮೇಲಧಿಕಾರಿ ಗುರುಕಿರಣ. ಸೋಮವಾರ ಹೊರಗಿನ ಯಾವುದೋ ಕಂಪ್ಯೂಟರ್ ಅವಳ ಕೀ ಬಳಸಿ ಲೈಬ್ರರಿ ಇಳಿಸಿಕೊಂಡಿತ್ತು. ಶುಕ್ರವಾರದೊಳಗೆ ರಾಜೀನಾಮೆ ಕೊಡು, ಇಲ್ಲದಿದ್ದರೆ ಪೊಲೀಸ್ ದೂರು ಎಂದಿದ್ದ ಗುರುಕಿರಣ.

ಅವಳು ತಂದಿದ್ದ ಸರ್ವರಿನ ದಾಖಲೆಯನ್ನು ಇವರು ಅರ್ಧ ಗಂಟೆ ನೋಡಿದರು.

"ಇಳಿಸ್ಕೊಂಡಿದ್ದು ನಾಲ್ಕನೇ ವರ್ಷನ್. ನೀನೀಗ ಯಾವುದ್ರಲ್ಲಿ ಕೆಲಸ ಮಾಡ್ತಿದ್ದೀಯಮ್ಮಾ?"

"ಏಳರಾಗ್ರಿ. ನಾಲ್ಕು ಹ್ವಾದ ವರ್ಷದ್ದು. ಆವಾಗ ಟೀಮಿಗೆ ತೋರ್ಸಾಕ ಅದ್ರಾಗ ಒಂದು ಸ್ಯಾಂಪಲ್ ಆ್ಯಪ್ ಮಾಡಿದ್ದೆ."

"ಅದಕ್ಕೆ ಬೇಕಾದ ಕೀ ಎಲ್ಲಿತ್ತು?"

"ಎಲ್ಲಾರೂ ಕೇಳ್ತಾರಂತ ಅದರೊಳಗ ಬರದಿಟ್ಟಿದ್ದೆ. ಆಫೀಸಿನ ಹೊರಗ ಹೋಗೂದಲ್ಲಲ್ರೀ ಅದು."

"ಸೋಮವಾರ ಆಫೀಸಲ್ಲಿ ವಿಶೇಷ ಏನಿತ್ತು?"

"ಮಾರತ್ತಹಳ್ಳಿ ಗಿರಾಕಿಗೆ ಡೆಮೊ ಇತ್ರಿ. ಗುರುಕಿರಣ್ ಸರ್ ಹೋಗಿದ್ರು."

ಇವರು ಹೇಳಿಕಳಿಸಿದ್ದಕ್ಕೆ ಶುಕ್ರವಾರ ಮೂವರೂ ನಮ್ಮ ನಡುಮನೆಯಲ್ಲಿ ಸೇರಿದರು. ಗುರುಕಿರಣನಿಗೂ ಕಾಫಿ ಕೊಟ್ಟೆ, ಮನಸ್ಸಿಲ್ಲದ ಮನಸ್ಸಿನಿಂದ.

"ನಮ್ಮ ಸ್ಟೋರಲ್ಲಿ ಹಿತ್ತಾಳೆ ಬಿಲ್ಲೆ ಕೊಟ್ಟು ಟೂಲ್ ತಗೊಳ್ತಿದ್ರು," ಇವರು ಶುರುಮಾಡಿದರು. "ಬಿಲ್ಲೆ ಯಾರದು ಅಂತ ನಂಬರ್ ಹೇಳುತ್ತೆ. ತಂದ ಕೈ ಯಾರದು ಅಂತ ಹೇಳಲ್ಲ. ಲೈಬ್ರರಿ ಕದಿಯೋನಾಗಿದ್ರೆ ಹೊಸ ಏಳನೇ ವರ್ಷನ್ ಒಯ್ತಿದ್ದ. ಹಳೇ ನಾಲ್ಕನೇದು ಬೇಕಾಗೋದು ಆ ಸ್ಯಾಂಪಲ್‌ಗೆ ಮಾತ್ರ. ಅದನ್ನ ತೆರೆದ ಕಂಪ್ಯೂಟರ್, ಒಳಗಿದ್ದ ಕೀ ಬಳಸಿ ತಾನೇ ಲೈಬ್ರರಿ ತರಿಸ್ಕೊಂಡಿದೆ. ಅಂದ್ರೆ ಸ್ಯಾಂಪಲ್ ಹೊರಗೆ ಹೋಗಿದೆ. ಸೋಮವಾರ ಹೊರಗೆ ಹೋದೋರು ನೀವೊಬ್ರೇ, ಗುರುಕಿರಣ್."

ನಯಾಜ್ ತಲೆಯೆತ್ತಿದ. "ಸರ್, ಡೆಮೊಗೆ ಅಂತ ಆ ಫೋಲ್ಡರ್ ನನ್ನ ಹತ್ರಾನೇ ಕೇಳಿದ್ರಲ್ಲ!"

ಗುರುಕಿರಣನ ಮುಖ ಸಪ್ಪಗಾಯಿತು. "ಟೈಮಿರ್ಲಿಲ್ಲ. ಇಡೀ ಫೋಲ್ಡರ್ ಗಿರಾಕಿಗೆ ಕಳಿಸ್ಬಿಟ್ಟೆ. ಒಳಗೆ ಕೀ ಇರೋದು ನೋಡ್ಲಿಲ್ಲ."

"ಗೊತ್ತಾಗಿದ್ದು ಯಾವಾಗ?" ಇವರು ಕೇಳಿದರು.

"...ಬುಧವಾರ. ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು."

"ಅವಳದು ಹೋದ್ರೆ ಪರವಾಗಿಲ್ವೇನಪ್ಪಾ?" ನನಗೆ ತಡೆಯಲಾಗಲಿಲ್ಲ.

ಪ್ರತಿಭಾ ಚೀಲದಿಂದ ರಾಜೀನಾಮೆ ಪತ್ರ ತೆಗೆದಳು. ಸಹಿಯೂ ಆಗಿತ್ತು.

"ಕೀ ಒಳಗ ಬರದಿಟ್ಟ ತಪ್ಪು ನಂದು. ಅದನ್ನ ಮಾಲೀಕರಿಗೆ ನಾನ ಹೇಳ್ತೀನಿ. ನಿಮ್ಮದು ನೀವು ಹೇಳ್ರಿ ಸರ್. ಈಗ, ಇಲ್ಲೇ."

ಗುರುಕಿರಣ ತಪ್ಪೊಪ್ಪಿಕೊಂಡು ಫೋನಿನಲ್ಲಿ ಮಾಲೀಕರಿಗೆ ಮೇಲ್ ಬರೆದು ಎಲ್ಲರೆದುರು ಓದಿದ. ಅದು ಹೋಯಿತೆಂದು ನಯಾಜ್ ನೋಡಿ ಹೇಳಿದ ಮೇಲೆಯೇ ಪ್ರತಿಭಾ ಪತ್ರವನ್ನು ಹರಿದದ್ದು.