ಇಳಿಯಿತೋ, ಮುಳುಗಿತೋ

"ಅದು ಚಿಕ್ಕಿ ಅಲ್ಲಂತ. ನಾ ಉಣ್ಣೂದಿಲ್ಲ," ಎಂದು ಮಾಯವ್ವಜ್ಜಿ ಆಕಾಶದ ಚುಕ್ಕಿಯ ಕಡೆ ಕೈ ಮಾಡಿ, ತಾಟನ್ನು ದೂರ ಸರಿಸಿದಳು.

ನೇತ್ರಾ ಹಣೆ ಬಡಿದುಕೊಂಡಳು. ಪಾವಟಿಗೆ ಹತ್ತಿ ಮಾಳಿಗೆಗೆ ರೊಟ್ಟಿ ತಂದವಳು ಅವಳು. ನೀರಿನ ತಂಬಿಗೆ ತಂದವಳು ಅವಳು. ಆರಿಹೋದ ಪಲ್ಯವನ್ನು ಕೆಳಗೆ ಒಯ್ದು, ಬಿಸಿ ಮಾಡಿಸಿ ತಂದವಳೂ ಅವಳೇ.

"ಅದು ಚಿಕ್ಕೀನ ಐತಿ, ಅಜ್ಜಿ. ಹೋದ ಸೋಮವಾರ ಅದನ್ನ ನೋಡೇ ಉಂಡಿ."

"ಹೋದ ಸೋಮವಾರ ಅದು ಏನಂತ ನನಗ ಯಾರೂ ಹೇಳಿರಲಿಲ್ಲ."

ಸೋಮವಾರ ಅಜ್ಜಿಯ ಒಪ್ಪತ್ತು. ದಿನವಿಡೀ ನೀರು, ಚಹಾ ಅಷ್ಟೇ. ಸಂಜೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಮಾಳಿಗೆ ಏರುವಳು. ಕಣ್ಣಾರೆ ಒಂದು ಚುಕ್ಕಿ ಕಂಡ ಮೇಲೆ ಕಾಲಕಾಲೇಶ್ವರನಿಗೆ ಕೈಮುಗಿದು ಊಟ. ನೇತ್ರಾಳ ಅವ್ವ ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ ಹೀಗೇ ನಡೆದು ಬಂದಿತ್ತು.

ಈಗೀಗ ಚುಕ್ಕಿ ಹುಡುಕುವ ಕಷ್ಟವೂ ಇರಲಿಲ್ಲ. ಹೊತ್ತು ಮುಳುಗಿತೆಂದರೆ ಪಡುವಣ ಗುಡ್ಡದ ಮೇಲೆ, ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳ ನೆತ್ತಿಯಲ್ಲಿ, ಒಂದು ಬೆಳ್ಳಗೆ ಹೊಳೆಯುತ್ತ ನಿಂತುಬಿಡುತ್ತಿತ್ತು. ಅಜ್ಜಿ ಅದನ್ನು 'ನಮ್ಮ ಬೆಳ್ಳಿ' ಎನ್ನುತ್ತಿದ್ದಳು.

ಕೆಲಸ ಕೆಡಿಸಿದವನು ದಾದಾಪೀರ. ಪಕ್ಕದ ಮನೆಯವನು, ನೇತ್ರಾಳ ಕ್ಲಾಸಿನವನೇ. ಅವನ ಅಣ್ಣ ಮೈನುದ್ದೀನ ನಿನ್ನೆ ಆ ಬೆಳಕಿನ ವೀಡಿಯೊ ಮಾಡಿದ್ದ. ಝೂಮ್ ಮಾಡಿದರೆ ಅದು ಕೆಂಪು, ಹಸಿರು, ನೀಲಿಯಾಗಿ ಕುಣಿಯುತ್ತಿತ್ತು. ಇವತ್ತು ಮಧ್ಯಾಹ್ನದೊಳಗೆ ಅದು ರಾಜೂರಿನ ಎಲ್ಲರ ಮೊಬೈಲಿಗೂ ಬಂದಿತ್ತು. ದಾದಾಪೀರ ಸಾಲೆಯಿಂದ ಬಂದವನೇ ಕಟ್ಟೆಯ ಮೇಲೆ ಕೂತ ಅಜ್ಜಿಗೆ ಹೇಳಿಬಿಟ್ಟ.

"ಯಜ್ಜಿ, ಗುಡ್ಡದ ಮ್ಯಾಲಿಂದು ಯೂಎಫ್‌ಓ ಅಂತ."

"ಯಾರ ಉಪ್ಪೋ?"

"ಉಪ್ಪಲ್ಲಬೇ. ಹಾರೂ ತಾಟು. ಬ್ಯಾರೆ ಲೋಕದವ್ರು ಅದರಾಗ ಕುಂತು ಬರ್ತಾರ."

"ಉಣ್ಣೂ ತಾಟಿನ್ಯಾಗ ಕುಂಡ್ರತಾರ? ಬುದ್ಧಿ ಇಲ್ಲೇನ ಅವರಿಗೆ?" ಎಂದಿದ್ದಳು ಅಜ್ಜಿ. ಆದರೆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಈಗ ನೋಡಿದರೆ ಓಣಿಯ ಮಾಳಿಗೆಗಳೆಲ್ಲ ತುಂಬಿದ್ದವು. ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದರು. ಆಕಾಶ ಅಷ್ಟು ದೊಡ್ಡದಾಗಿ ಎದುರಿಗಿದ್ದರೂ ಅಂಗೈಯಗಲದ ಮೊಬೈಲಿನಲ್ಲೇ ಅದನ್ನು ನೋಡುತ್ತಿದ್ದರು.

"ಫ್ಯಾನಿನ ಮ್ಯಾಲೇ ಯಾಕ ನಿಂತೈತಿ ಗೊತ್ತೇನು?" ಎಂದ ಎದುರು ಮಾಳಿಗೆಯ ಕಿರಾಣಿ ಅಂಗಡಿ ಹೇಮಪ್ಪ. "ಚಾರ್ಜ್ ಮಾಡ್ಕೊಳ್ಳಾಕತ್ತೈತಿ. ಪುಕ್ಕಟೆ ಕರೆಂಟ್."

"ಹಂಗಾದ್ರ ನಾವಷ್ಟ ಯಾಕ ಬಿಲ್ ಕಟ್ಟಬೇಕು?" ಎಂದಳು ಪಕ್ಕದ ಮಾಳಿಗೆಯಿಂದ ದಾದಾಪೀರನ ತಾಯಿ ಲಾಲಬಿ.

ಕೆಳಗಿನಿಂದ ಅವ್ವನ ದನಿ ಬಂತು. "ನೇತ್ರಾ, ಉಂಡ್ರೇನ ನಿಮ್ಮಜ್ಜಿ? ಸಕ್ಕರಿ ಗುಳಿಗಿ ನುಂಗ್ಯಾರ. ಉಣ್ಣಲಿಲ್ಲಂದ್ರ ಹೋದ ತಿಂಗಳದಂಗ ತಲಿ ತಿರುಗಿ ಬೀಳ್ತಾರ ನೋಡು."

ನೇತ್ರಾ ಅಜ್ಜಿಯ ಕೈ ನೋಡಿದಳು. ಆ ಕೈ ಆಗಲೇ ಆಸರೆಗೆಂದು ಮೋಟುಗೋಡೆ ಹಿಡಿದಿತ್ತು.

ಅವಳು ಮೋಟುಗೋಡೆ ದಾಟಿ ಪಕ್ಕದ ಮಾಳಿಗೆಗೆ ಹೋಗಿ ದಾದಾಪೀರನ ರಟ್ಟೆ ಹಿಡಿದಳು.

"ಬಾ ಇಲ್ಲಿ. ಅದು ಚಿಕ್ಕಿ ಅಂತ ಅಜ್ಜಿಗೆ ಹೇಳು."

"ಸುಳ್ಳು ಹೇಳ್ಲೇನು?"

"ಅದು ಶುಕ್ರ ಗ್ರಹ. ಟೀಚರ್ ಬೋರ್ಡಿನ ಮ್ಯಾಲೆ ಬರದಿದ್ರಲ್ಲ."

"ಬೋರ್ಡಿನ ಮ್ಯಾಲಿಂದು ಬಣ್ಣ ಬದಲ್ಸಿರಲಿಲ್ಲ. ವೀಡಿಯೊದಾಗ ನೋಡ, ಹ್ಯಾಂಗ ಕುಣೀತೈತಿ."

"ಕುಣಿಯೂದು ನಿಮ್ಮಣ್ಣನ ಕೈ. ನೀ ನಡಿ ಮೊದಲ."

ದಾದಾಪೀರ ಗೊಣಗುತ್ತ ಬಂದ. ಅಜ್ಜಿಯ ಮುಂದೆ ನಿಂತು ಪಾಠ ಒಪ್ಪಿಸಿದ. "ಯಜ್ಜಿ, ಅದು ತಾಟು ಅಲ್ಲಂತ. ಗ್ರಹ ಅಂತ."

"ನೋಡು," ಎಂದಳು ಅಜ್ಜಿ ಮೊಮ್ಮಗಳ ಕಡೆ ತಿರುಗಿ. "ಆಗಳೆ ತಾಟು ಅಂದ, ಈಗ ಗ್ರಹ ಅಂತಾನ. ಚಿಕ್ಕಿ ಅಂತ ಯಾರೂ ಅನ್ನವಲ್ರು. ಸಂಶೇ ಇಟ್ಕೊಂಡು ತುತ್ತು ಎತ್ತಬಾರ್ದವಾ."

ನೇತ್ರಾ ದಾದಾಪೀರನನ್ನು ದುರುಗುಟ್ಟಿ ನೋಡಿದಳು. "ನೀನ ಗ್ರಹ ಅಂದಿ," ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದ.

ಅವಳಿಗೆ ಅಳುವೇ ಬಂದಿತು. "ಹೋಗಲಿ, ಅದು ಬ್ಯಾಡ. ಬ್ಯಾರೆ ಚಿಕ್ಕಿ ನೋಡು. ನೆತ್ತಿ ಮ್ಯಾಲೆ ಒಂದೈತಿ. ಬೇವಿನ ಗಿಡದ ಮ್ಯಾಲೆ ಒಂದೈತಿ. ಯಾವುದರೆ ಒಂದು ನೋಡಿ ಉಣ್ಣು."

"ಎಲ್ಲಿ?"

"ಅಲ್ಲಿ. ನನ್ನ ಬೆರಳ ನೋಡಬೇ."

ಅಜ್ಜಿ ಬೆರಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. "ಬೆರಳು ಕಾಣ್ತೈತಿ," ಎಂದಳು ಮೆಲ್ಲಗೆ.

ನೇತ್ರಾಳ ಎತ್ತಿದ ಕೈ ತಾನಾಗಿ ಕೆಳಗಿಳಿಯಿತು.

ಇತ್ತೀಚೆಗೆ ಅಜ್ಜಿ ಅಕ್ಕಿಯ ಮೊರ ಹಿಡಿದು ಕೂತವಳು, "ನೀನ ಹಳ್ಳು-ಕಲ್ಲು ಆರಿಸವಾ, ನನಗ ಬ್ಯಾಸರ," ಎನ್ನುತ್ತಿದ್ದಳು. ಮೊನ್ನೆ ಲಾಲಬಿಯ ಆಡನ್ನು ತಮ್ಮದೆಂದು ಕರೆದು ಮೇವು ಹಾಕಿದ್ದಳು. ಓಣಿಯೆಲ್ಲ ನಕ್ಕಿತ್ತು. ನೇತ್ರಾಳೂ ನಕ್ಕಿದ್ದಳು.

ಅಜ್ಜಿಗೆ ಆಕಾಶದಲ್ಲಿ ಕಾಣುತ್ತಿದ್ದುದು ಗುಡ್ಡದ ಮೇಲಿನ ಆ ಬೆಳಕೊಂದೇ.

ಅದೂ ಈಗ ಕೆಳಗೆ ಜಾರುತ್ತಿತ್ತು. ನೇತ್ರಾ ಅಜ್ಜಿಗೆ ಒತ್ತಿ ಕೂತಳು.

ಇದ್ದಕ್ಕಿದ್ದಂತೆ ಬೆಳಕು ಆರಿತು, ಮತ್ತೆ ಹತ್ತಿತು. ಮತ್ತೆ ಆರಿತು.

"ಸಿಗ್ನಲ್ ಕೊಡಾಕತ್ತೈತಿ," ಎಂದು ದಾದಾಪೀರ ಮೊಬೈಲ್ ಎತ್ತಿ ಹಿಡಿದ. ಮಾಳಿಗೆಗಳ ಮೇಲೆ ಗುಲ್ಲೆದ್ದಿತು.

"ಏನಾತು?" ಎಂದು ಅಜ್ಜಿ ಕೇಳಿದಳು.

ನೇತ್ರಾ ಕಣ್ಣು ಕಿರಿದು ಮಾಡಿ ನೋಡಿದಳು. ಫ್ಯಾನಿನ ಉದ್ದನೆಯ ರೆಕ್ಕೆ ನಿಧಾನವಾಗಿ ಇಳಿದು ಬಂತು. ಬೆಳಕು ಮರೆಯಾಯಿತು. ರೆಕ್ಕೆ ದಾಟಿತು. ಬೆಳಕು ಬಂತು.

"ಫ್ಯಾನಿನ ರೆಕ್ಕಿ ಅಡ್ಡ ಬರಾಕತ್ತೈತಿ ಅಜ್ಜಿ. ಸಿಗ್ನಲ್ಲೂ ಇಲ್ಲ ಏನೂ ಇಲ್ಲ. ಅದು ಫ್ಯಾನಿನ ಹಿಂದೈತಿ. ಭಾಳ ಹಿಂದ."

ದಾದಾಪೀರ ಮೊಬೈಲ್ ಕೆಳಗಿಳಿಸಿ, ಬರಿಗಣ್ಣಿನಿಂದ ನೋಡಿದ.

"ಹತ್ತರ ಬಂದಂಗ ದೊಡ್ಡದಾತೇನು?" ಎಂದು ಅಜ್ಜಿ ಕೇಳಿದಳು.

"ಇಲ್ಲಬೇ. ಸಣ್ಣಾಗೈತಿ. ಕೆಂಪಗಾಗೈತಿ."

"ಅತ್ತಾಗ ಇತ್ತಾಗ ಸರಿದಾಡ್ತೇನು?"

"ಇಲ್ಲ. ಹೊತ್ತು ಮುಳುಗಿದ ಕಡೆನ ಹೊಂಟೈತಿ. ಸಾವಕಾಶ."

ಬೆಳಕು ಗುಡ್ಡದ ಅಂಚಿಗೆ ತಾಗಿತು. ಅರೆಗಳಿಗೆ ನಿಂತಂತೆ ಮಾಡಿ ಇಲ್ಲವಾಯಿತು.

"ಇಳೀತು, ಇಳೀತು," ಎಂದು ಓಣಿಯೆಲ್ಲ ಕೂಗಿತು. ಮೈನುದ್ದೀನ ಬೈಕ್ ಚಾಲೂ ಮಾಡಿದ ಸದ್ದಾಯಿತು. "ಗುಡ್ಡಕ್ಕ ನಡೀರಿ ಲಗೂನ," ಎಂದು ಯಾರೋ ಅವನ ಹಿಂದೆ ಹತ್ತಿ ಕೂತರು.

ಅಜ್ಜಿ ನೇತ್ರಾಳ ಮೊಣಕೈ ಹಿಡಿದಳು. "ನೀ ಹೇಳವಾ. ಇಳೀತೋ, ಮುಳುಗಿತೋ?"

ನೇತ್ರಾ ಮತ್ತೊಮ್ಮೆ ಗುಡ್ಡದ ಕಡೆ ನೋಡಿ ಹೇಳಿದಳು. "ಮುಳುಗಿತಬೇ."

"ಖರೇ?"

"ಖರೇ. ನಾ ನೋಡೀನಿ."

"ಹಂಗಾದ್ರ ಅದು ಚಿಕ್ಕೀನ. ಇಳಿಯೂವು ವಿಮಾನ. ಚಿಕ್ಕಿ ಮುಳುಗ್ತಾವು." ಅಜ್ಜಿ ಗುಡ್ಡದ ಕಡೆ ಕೈಮುಗಿದು, ತಾಟನ್ನು ಎಳೆದುಕೊಂಡಳು.

"ಈಗ ಅದು ಇಲ್ಲಲ್ಲ," ಎಂದಳು ನೇತ್ರಾ, ತಡೆಯಲಾಗದೆ. "ಇದ್ದಾಗ ಉಣ್ಣಲಿಲ್ಲ. ಹೋದ ಮ್ಯಾಲೆ ಹ್ಯಾಂಗ ಉಣ್ತಿ?"

"ಆಗಳೇ ಕಣ್ಣಾರೆ ನೋಡೀನಲ್ಲ. ಏನಂತ ಗೊತ್ತಿರಲಿಲ್ಲ, ಅಷ್ಟ." ಅಜ್ಜಿ ರೊಟ್ಟಿ ಮುರಿದಳು. "ಪಲ್ಯ ಮತ್ತ ಆರೇತಿ ನೋಡು."

ದಾದಾಪೀರ ಕಿಸಕ್ಕನೆ ನಕ್ಕ. ನೇತ್ರಾ ಎದ್ದು ಪಲ್ಯದ ಬಟ್ಟಲು ಎತ್ತಿಕೊಂಡಳು. "ನಗತೀಯೇನ? ಹಿಡಿ, ಬಿಸಿ ಮಾಡಿಸ್ಕೊಂಡು ಬಾ," ಎಂದು ಅದನ್ನು ಅವನ ಕೈಗಿತ್ತಳು. ಅವನು ಬಟ್ಟಲು ಹಿಡಿದು ಪಾವಟಿಗೆ ಇಳಿದ.

ಮಾಳಿಗೆಗಳು ಒಂದೊಂದಾಗಿ ಖಾಲಿಯಾದವು. ದೂರದಲ್ಲಿ ಬೈಕುಗಳ ಬೆಳಕು ಗುಡ್ಡ ಏರುತ್ತಿತ್ತು.

"ಬ್ಯಾರೆ ಚಿಕ್ಕಿ ಬಂದಾವೇನವಾ?" ಎಂದು ಅಜ್ಜಿ ಕೇಳಿದಳು, ತುತ್ತು ಅಗಿಯುತ್ತ.

ನೇತ್ರಾ ತಲೆ ಎತ್ತಿದಳು. ಆಕಾಶ ಕಿಕ್ಕಿರಿದಿತ್ತು. ಅಜ್ಜಿಯ ಕಣ್ಣಿನ ಬಗ್ಗೆ ಮುಂಜಾನೆ ಅಪ್ಪನ ಮುಂದೆ ಹೇಳಬೇಕಾದ ಮಾತೊಂದು ಅವಳ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಅಲ್ಲೇ ಇಟ್ಟುಕೊಂಡು ಅಜ್ಜಿಯ ಎಡಗೈ ಹಿಡಿದು, ಆ ಕೈಯನ್ನೇ ಬೇವಿನ ಗಿಡದ ಕಡೆಗೆ ಎತ್ತಿದಳು.

"ಭಾಳ ಬಂದಾವಬೇ. ಇಲ್ಲೊಂದೈತಿ."

"ಹೂಂ," ಎಂದಳು ಅಜ್ಜಿ. "ಮುಂದ?"